ಆವಿಯಾದ ನೀರಿನ ಲೆಕ್ಕ

ತುಂಗಭದ್ರಾ ಜಲಾಶಯದ ನೀರು ಹಂಚಿಕೆಯ ಪಟ್ಟಿಯಲ್ಲಿ ಮೂರು ಬಾಬತ್ತುಗಳಿವೆ. ಬಚಾವತ್ ನ್ಯಾಯಮಂಡಳಿಯ ಹಂಚಿಕೆಯಂತೆ ಅಣೆಕಟ್ಟೆಯ ಒಟ್ಟು ಬಳಕೆ 230 ಟಿಎಂಸಿ ಅಡಿ. ಕರ್ನಾಟಕಕ್ಕೆ 138.99, ಅವಿಭಜಿತ ಆಂಧ್ರಪ್ರದೇಶಕ್ಕೆ 73.01. ಉಳಿದ 18 ಟಿಎಂಸಿ ಅಡಿ ಯಾವ ಕಾಲುವೆಗೂ ಹರಿಯುವುದಿಲ್ಲ. ಅದು ಬಿಸಿಲು ಮತ್ತು ಗಾಳಿ ಎತ್ತಿಕೊಂಡು ಹೋಗುವ ನೀರು. ಲೀಟರ್ ಲೆಕ್ಕದಲ್ಲಿ ಹೇಳಬೇಕೆಂದರೆ ಸುಮಾರು 51 ಸಾವಿರ ಕೋಟಿ ಲೀಟರ್. ರಾಜ್ಯಗಳು ಒಂದೊಂದು ಟಿಎಂಸಿಗೂ ವಾದಿಸುವ ಜಾಗದಲ್ಲಿ ಕಣ್ಣಿಗೆ ಕಾಣದ ಈ ಖರ್ಚನ್ನು ಎಲ್ಲರೂ ಒಪ್ಪಿಕೊಂಡು ಬರೆದಿಟ್ಟಿದ್ದಾರೆ.

ಕಾಣದ್ದನ್ನು ಅಳೆಯುವುದು ಹೇಗೆ? ಕಾಲುವೆಯ ನೀರಿಗೆ ತೂಬಿದೆ, ಮಾಪನ ಪಟ್ಟಿಯಿದೆ. ಮೇಲಕ್ಕೆ ಹೋಗುವ ನೀರಿಗೆ ಅಂಥದ್ದೇನೂ ಇಲ್ಲ. ಒಳಹರಿವು ಮತ್ತು ಹೊರಹರಿವಿನ ವ್ಯತ್ಯಾಸದಿಂದ ಕಂಡುಹಿಡಿಯೋಣವೆಂದರೆ ತಳದಲ್ಲಿ ಇಂಗುವ ನೀರೂ ಅದೇ ವ್ಯತ್ಯಾಸದಲ್ಲಿ ಸೇರಿಕೊಂಡಿರುತ್ತದೆ. ಹರಿವಿನ ಅಳತೆಯಲ್ಲಾದ ಸಣ್ಣ ತಪ್ಪು ಉತ್ತರವನ್ನೇ ನುಂಗಿಬಿಡುತ್ತದೆ. ಹಾಗಾಗಿ ಮುನ್ನೂರು ವರ್ಷಗಳಿಂದ ವಿಜ್ಞಾನಿಗಳು ದೊಡ್ಡ ನೀರನ್ನು ಅರಿಯಲು ಸಣ್ಣ ಬೋಗುಣಿಯ ಮೊರೆ ಹೋಗಿದ್ದಾರೆ. ಬೋಗುಣಿಯಲ್ಲಿ ನೀರು ಕಡಿಮೆಯಾಗುವುದನ್ನು ನೋಡುವುದು ಸುಲಭ. ಯಾವ ಕಾರಣಕ್ಕೆ ಎಷ್ಟು ಕಡಿಮೆಯಾಯಿತು ಎಂದು ಬಿಡಿಸಿ ಹೇಳುವುದು ಕಷ್ಟ. ಪ್ರಯೋಗದ ವಿನ್ಯಾಸ ಎಂಬ ವಿದ್ಯೆ ಬೇಕಾಗುವುದು ಅಲ್ಲೇ.

ಹ್ಯಾಲಿಯ ಬೋಗುಣಿ

ಧೂಮಕೇತುವಿನಿಂದ ಹೆಸರಾದ ಎಡ್ಮಂಡ್ ಹ್ಯಾಲಿ 1687ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಪುಟ್ಟ ಪ್ರಯೋಗವನ್ನು ವರದಿ ಮಾಡಿದ. ನದಿಗಳೆಲ್ಲ ಹರಿದು ಬಂದು ಸೇರಿದರೂ ಸಮುದ್ರ ಉಕ್ಕುವುದಿಲ್ಲ ಏಕೆ ಎಂಬುದು ಅವನ ಪ್ರಶ್ನೆ. ಸುಮಾರು 20 ಸೆಂಟಿಮೀಟರ್ ಅಗಲದ ಬೋಗುಣಿಯಲ್ಲಿ ಸಮುದ್ರದಷ್ಟೇ ಉಪ್ಪಾದ ನೀರು ತುಂಬಿ, ಕೆಂಡದ ಶಾಖದಿಂದ ಅದನ್ನು ಬೇಸಿಗೆಯ ಗಾಳಿಯಷ್ಟು ಬೆಚ್ಚಗಿಟ್ಟು, ಇಡೀ ಬೋಗುಣಿಯನ್ನು ತಕ್ಕಡಿಗೆ ತೂಗುಹಾಕಿದ. ಎರಡು ಗಂಟೆಯಲ್ಲಿ ಕಡಿಮೆಯಾದ ತೂಕ 233 ಗ್ರೇನ್, ಅಂದರೆ ಸುಮಾರು 15 ಗ್ರಾಂ. ಅದರಿಂದ ದಿನಕ್ಕೆ ಒಂದು ಇಂಚಿನ ಹತ್ತನೇ ಒಂದು ಭಾಗ ಎಂದು ಲೆಕ್ಕ ಹಾಕಿ, ಮೆಡಿಟರೇನಿಯನ್ ಸಮುದ್ರದ ವಿಸ್ತಾರಕ್ಕೆ ಗುಣಿಸಿದ. ಬೇಸಿಗೆಯ ಒಂದು ದಿನಕ್ಕೆ 528 ಕೋಟಿ ಟನ್ ನೀರು ಆವಿಯಾಗುತ್ತದೆ ಎಂಬ ಉತ್ತರ ಬಂತು. ಆ ಸಮುದ್ರಕ್ಕೆ ಬೀಳುವ ದೊಡ್ಡ ನದಿಗಳು ತರುವ ನೀರನ್ನು ಅವನು ಅಂದಾಜಿಸಿದ್ದು ದಿನಕ್ಕೆ 182.7 ಕೋಟಿ ಟನ್. ನದಿಗಳು ತುಂಬುವುದಕ್ಕಿಂತ ಆಕಾಶ ಎತ್ತುವುದೇ ಹೆಚ್ಚು ಎಂದಾಯಿತು.

ಇದಕ್ಕಿಂತಲೂ ಪಾಠ ಕಲಿಸುವುದು ಅವನ ಎರಡನೆಯ ಪ್ರಯೋಗ. 1693ರಲ್ಲಿ ಗ್ರೆಶಮ್ ಕಾಲೇಜಿನಲ್ಲಿ ಬಿಸಿಲು, ಗಾಳಿ ಎರಡೂ ತಾಗದ ಕಡೆ ನೀರಿಟ್ಟು ವರ್ಷಪೂರ್ತಿ ಅಳೆಯಲಾಯಿತು. ಇಡೀ ವರ್ಷದಲ್ಲಿ ಹೋದದ್ದು ಸುಮಾರು 8 ಇಂಚು ಮಾತ್ರ. ಮೊದಲ ಪ್ರಯೋಗದ ದರದಲ್ಲೇ ನಡೆದಿದ್ದರೆ 36 ಇಂಚಿಗೂ ಹೆಚ್ಚು ಹೋಗಬೇಕಿತ್ತು. ಎರಡೂ ಅಳತೆಗಳು ಸರಿಯೇ. ನಡುವಿನ ಅಂತರವೇ ನಿಜವಾದ ಫಲಿತಾಂಶ: ನೀರು ಇದೆ ಎಂದಮಾತ್ರಕ್ಕೆ ಆವಿಯಾಗುವುದಿಲ್ಲ, ಸುತ್ತಲಿನ ಪರಿಸ್ಥಿತಿ ಅದನ್ನು ಹೊರಡಿಸುತ್ತದೆ. ಪರಿಸ್ಥಿತಿಯನ್ನು ಬೇಕೆಂದೇ ಬದಲಿಸಿ ನೋಡುವುದೇ ಪ್ರಯೋಗ ಎಂಬ ಮಾತು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಡಾಲ್ಟನ್ ಕಂಡ ಅಂತರ

ಬಿಸಿಲು, ಗಾಳಿ, ತೇವ ಇವೆಲ್ಲದರ ಹಿಂದೆ ಒಂದು ಕ್ರಮವಿರಬಹುದೇ ಎಂದು ಹುಡುಕಿದವನು ಮ್ಯಾಂಚೆಸ್ಟರಿನ ಜಾನ್ ಡಾಲ್ಟನ್. ಪರಮಾಣು ಸಿದ್ಧಾಂತದ ಡಾಲ್ಟನ್ನೇ ಅವನು. 1802ರಲ್ಲಿ ಪ್ರಕಟವಾದ ಅವನ ಬರಹದ ಸಾರ ಇಷ್ಟು: ನೀರಿನ ಮೇಲ್ಮೈಯಲ್ಲಿ ಆ ಉಷ್ಣಾಂಶಕ್ಕೆ ತಕ್ಕ ಆವಿಯ ಒತ್ತಡವೊಂದು ಇರುತ್ತದೆ. ಸುತ್ತಲಿನ ಗಾಳಿಯಲ್ಲಿ ಈಗಾಗಲೇ ಇರುವ ಆವಿಗೂ ತನ್ನದೇ ಒತ್ತಡವಿದೆ. ನೀರು ಹೊರಡುವ ವೇಗ ಈ ಎರಡರ ಅಂತರವನ್ನು ಅನುಸರಿಸುತ್ತದೆ. ಗಾಳಿ ಬೀಸಿದರೆ ಆ ವೇಗ ಇನ್ನಷ್ಟು ಹೆಚ್ಚುತ್ತದೆ.

ಅಂಕಿಗಳಲ್ಲಿ ನೋಡೋಣ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಪೂರ್ಣ ಆವಿ ಒತ್ತಡ 2.34 ಕಿಲೋಪ್ಯಾಸ್ಕಲ್, 30 ಡಿಗ್ರಿಯಲ್ಲಿ 4.24, 40 ಡಿಗ್ರಿಯಲ್ಲಿ 7.38. ಹತ್ತು ಡಿಗ್ರಿ ಏರಿದಂತೆಲ್ಲ ಒತ್ತಡ ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟಾಗುತ್ತದೆ. ನೀರೂ ಗಾಳಿಯೂ 30 ಡಿಗ್ರಿಯಲ್ಲಿದ್ದು ಗಾಳಿಯ ಸಾಪೇಕ್ಷ ಆರ್ದ್ರತೆ ಶೇ 80 ಆಗಿದ್ದರೆ ಅಂತರ 0.85 ಕಿಲೋಪ್ಯಾಸ್ಕಲ್. ಆರ್ದ್ರತೆ ಶೇ 40ಕ್ಕೆ ಇಳಿದರೆ ಅಂತರ 2.55. ಉಷ್ಣಾಂಶ ಒಂದಿಷ್ಟೂ ಬದಲಾಗದೆ ಆವಿಯಾಗುವ ವೇಗ ಮೂರು ಪಟ್ಟಾಯಿತು. ಮಂಗಳೂರಿನಲ್ಲೂ ರಾಯಚೂರಿನಲ್ಲೂ ಥರ್ಮಾಮೀಟರ್ ಒಂದೇ ಅಂಕಿ ತೋರಿಸುವ ದಿನ ಒಗೆದ ಬಟ್ಟೆ ಒಣಗಲು ಬೇರೆ ಬೇರೆ ಹೊತ್ತು ಹಿಡಿಯುವುದು ಇದರಿಂದಲೇ.

ಡಾಲ್ಟನ್ನನ ಮಾತು ಪ್ರಯೋಗ ಮಾಡುವವರಿಗೆ ದೊಡ್ಡ ಉಪಕಾರ ಮಾಡಿತು. ಉಷ್ಣಾಂಶ, ಆರ್ದ್ರತೆ ಎಂಬ ಎರಡು ಬಿಡಿ ಅಂಶಗಳನ್ನು ಅದು ಒಂದೇ ಅಂತರವಾಗಿ ಬೆಸೆಯಿತು. ಅಳೆಯುವ ಮೊದಲು ಯೋಚಿಸಿದರೆ ಅಳೆಯಬೇಕಾದ ಅಂಶಗಳೇ ಕಡಿಮೆಯಾಗುತ್ತವೆ.

ಒಂದೊಂದನ್ನೇ ಬದಲಿಸಿದರೆ ಸಾಲದು

ಶಾಲೆಯಲ್ಲಿ ನಾವೆಲ್ಲ ಕಲಿತ ನಿಯಮವೊಂದಿದೆ: ಪ್ರಯೋಗದಲ್ಲಿ ಒಂದು ಅಂಶವನ್ನು ಮಾತ್ರ ಬದಲಿಸು, ಉಳಿದದ್ದನ್ನು ಹಾಗೇ ಇಡು. ಶುರುವಿಗೆ ಇದು ಒಳ್ಳೆಯ ನಿಯಮ. ಆವಿಯಾಗುವಿಕೆಯಂಥ ವಿಷಯಕ್ಕೆ ಬಂದಾಗ ಇದು ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ.

ಕಾರಣ, ಇಲ್ಲಿ ಅಂಶಗಳು ಒಂದಕ್ಕೊಂದು ಕೂಡುವುದಿಲ್ಲ, ಗುಣಿಸುತ್ತವೆ. ಇಂಗ್ಲೆಂಡಿನ ಭೌತವಿಜ್ಞಾನಿ ಹೊವಾರ್ಡ್ ಪೆನ್ಮನ್ ಅವರ ಗಾಳಿ ಸೂತ್ರದ ಒಂದು ರೂಪವನ್ನು ಇಂದಿಗೂ ಜಲವಿಜ್ಞಾನಿಗಳು ಬಳಸುತ್ತಾರೆ. ಅದರಂತೆ ಗಾಳಿಯ ಒಣಗಿಸುವ ಶಕ್ತಿ ದಿನಕ್ಕೆ ಇಷ್ಟು ಮಿಲಿಮೀಟರ್: 2.6ನ್ನು ಆವಿ ಒತ್ತಡದ ಅಂತರದಿಂದ ಗುಣಿಸಿ, ಬಂದದ್ದನ್ನು ಮತ್ತೆ (1 + 0.54 × ಗಾಳಿಯ ವೇಗ) ಎಂಬುದರಿಂದ ಗುಣಿಸಬೇಕು. ವೇಗ ಸೆಕೆಂಡಿಗೆ ಮೀಟರ್‌ಗಳಲ್ಲಿ. ಈಗ ಮೇಲಿನ ಎರಡು ಪರಿಸ್ಥಿತಿಗಳನ್ನು ಇದರಲ್ಲಿ ಹಾಕಿ. ತೇವ ತುಂಬಿದ ದಿನ ಗಾಳಿಯಿಲ್ಲದಾಗ 2.2 ಮಿಲಿಮೀಟರ್, ಸೆಕೆಂಡಿಗೆ 2 ಮೀಟರ್ ಗಾಳಿ ಬೀಸಿದರೆ 4.6. ಒಣ ದಿನ ಗಾಳಿಯಿಲ್ಲದಾಗ 6.6; ಅದೇ ಗಾಳಿ ಬೀಸಿದರೆ 13.8. ತೇವದ ದಿನ ಗಾಳಿ ಸೇರಿಸಿದ್ದು 2.4 ಮಿಲಿಮೀಟರ್, ಒಣ ದಿನ ಸೇರಿಸಿದ್ದು 7.2.

ಹಾಗಾದರೆ ಗಾಳಿಯ ಪರಿಣಾಮ ಎಷ್ಟು? ಈ ಪ್ರಶ್ನೆಗೆ ಒಂದೇ ಅಂಕಿಯ ಉತ್ತರವಿಲ್ಲ. ಜುಲೈ ತಿಂಗಳಲ್ಲಿ ಫ್ಯಾನ್ ಹಾಕಿ ಅಳೆದವರು ಗಾಳಿಗೆ ಅಷ್ಟೇನೂ ಮಹತ್ವವಿಲ್ಲ ಎನ್ನುತ್ತಾರೆ. ಮಾರ್ಚಿನಲ್ಲಿ ಅಳೆದವರು ಗಾಳಿಯೇ ಎಲ್ಲಕ್ಕಿಂತ ಮುಖ್ಯ ಎನ್ನುತ್ತಾರೆ. ಇಬ್ಬರೂ ಪ್ರಾಮಾಣಿಕರೇ. ಇಬ್ಬರೂ ಒಂದೊಂದು ಮೂಲೆಯಲ್ಲಿ ನಿಂತು ನೋಡಿದ್ದಾರೆ. ಒಂದು ಅಂಶದ ಪರಿಣಾಮ ಇನ್ನೊಂದು ಅಂಶದ ಮಟ್ಟವನ್ನು ಅವಲಂಬಿಸಿದ್ದಾಗ ಅದನ್ನು ಪರಸ್ಪರ ಪ್ರಭಾವ ಎನ್ನುತ್ತಾರೆ. ಎರಡು ಅಂಶಗಳನ್ನು ಒಟ್ಟಿಗೆ ಬದಲಿಸಿ ನೋಡದೆ ಇದು ಎಂದೂ ಕಣ್ಣಿಗೆ ಬೀಳುವುದಿಲ್ಲ.

ಹಲವು ಅಂಶಗಳನ್ನು ಒಟ್ಟಿಗೆ ಬದಲಿಸಿಯೂ ಗೊಂದಲವಾಗದಂತೆ ನೋಡುವ ದಾರಿಯನ್ನು ಕಟ್ಟಿಕೊಟ್ಟವರು ರೊನಾಲ್ಡ್ ಫಿಶರ್. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ 1919ರಲ್ಲಿ ಸೇರಿದ ಅವರು ಅಲ್ಲಿನ ಗೊಬ್ಬರ ಪ್ರಯೋಗಗಳ ಹಳೆಯ ದಾಖಲೆಗಳನ್ನು ಕೆದಕುತ್ತ ಒಂದು ವಿಷಯ ಮನಗಂಡರು: ಪ್ರಯೋಗವನ್ನು ಹೊಲದಲ್ಲಿ ಹಾಕುವಾಗಲೇ ತಪ್ಪಿದರೆ ಆಮೇಲೆ ಯಾವ ಗಣಿತವೂ ಅದನ್ನು ಉಳಿಸಲಾರದು. 1926ರ ಒಂದು ಲೇಖನದಲ್ಲಿ, ಬಳಿಕ 1935ರ ‘ದಿ ಡಿಸೈನ್ ಆಫ್ ಎಕ್ಸ್‌ಪೆರಿಮೆಂಟ್ಸ್’ ಪುಸ್ತಕದಲ್ಲಿ ಅವರು ಮೂರು ಸೂತ್ರಗಳನ್ನು ನೆಲೆಗೊಳಿಸಿದರು. ಪುನರಾವರ್ತನೆ: ಒಂದೇ ಪರಿಸ್ಥಿತಿಯನ್ನು ಮತ್ತೆ ಅಳೆ. ಯಾದೃಚ್ಛಿಕತೆ: ಯಾವುದನ್ನು ಮೊದಲು, ಎಲ್ಲಿ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸು. ಸ್ಥಳೀಯ ನಿಯಂತ್ರಣ: ಹೋಲಿಸಬೇಕಾದವನ್ನು ಒಂದೇ ಬಗೆಯ ನೆಲ, ಒಂದೇ ದಿನದ ಒಳಗೆ ಹೋಲಿಸು. ಈ ಮೂರರ ಮೇಲೆ ಎಲ್ಲ ಅಂಶಗಳ ಎಲ್ಲ ಜೋಡಣೆಗಳನ್ನೂ ಒಟ್ಟಿಗೆ ಪರೀಕ್ಷಿಸುವ ವಿನ್ಯಾಸ ನಿಂತಿತು. ಹೊಲಕ್ಕೆಂದು ಹುಟ್ಟಿದ ಈ ವಿದ್ಯೆ ಇಂದು ಔಷಧ ಪರೀಕ್ಷೆಯಿಂದ ಕಾರ್ಖಾನೆಯವರೆಗೆ ಎಲ್ಲೆಡೆ ನಡೆಯುತ್ತಿದೆ.

ಎಂಟು ಜೋಡಣೆ, ಹದಿನಾರು ಅಳತೆ

ಇದನ್ನು ಹೈಸ್ಕೂಲಿನ ಕೋಣೆಯೊಂದರಲ್ಲೇ ಮಾಡಬಹುದು. ಮೂರು ಅಂಶಗಳನ್ನು ಆರಿಸಿಕೊಳ್ಳೋಣ, ಪ್ರತಿಯೊಂದಕ್ಕೂ ಎರಡು ಮಟ್ಟ. ಗಾಳಿ: ಫ್ಯಾನ್ ಇದೆ, ಇಲ್ಲ. ಶಾಖ: ತಟ್ಟೆಯ ಮೇಲೆ ನಿಗದಿತ ಎತ್ತರದಲ್ಲಿ ಹಳೆಯ ಮಾದರಿಯ ತಂತಿ ಬಲ್ಬು ಉರಿಯುತ್ತಿದೆ, ಇಲ್ಲ. ಅಗಲ: 20 ಸೆಂಟಿಮೀಟರ್ ತಟ್ಟೆ, 10 ಸೆಂಟಿಮೀಟರ್ ತಟ್ಟೆ. ಎರಡು, ಎರಡು, ಎರಡು ಗುಣಿಸಿದರೆ ಎಂಟು ಜೋಡಣೆ. ಪ್ರತಿಯೊಂದನ್ನೂ ಎರಡು ಸಲ ಮಾಡಿದರೆ ಹದಿನಾರು ಅಳತೆ. ನೀರಿನ ಹತ್ತಿರ ವಿದ್ಯುತ್ ಇರುವುದರಿಂದ ಬಲ್ಬು ಕಟ್ಟುವ ಕೆಲಸ ದೊಡ್ಡವರದ್ದೇ ಆಗಿರಲಿ.

ಹದಿನಾರು ಅಳತೆಗಳಿಂದ ಸಿಗುವ ಲಾಭ ನೋಡಿ. ಫ್ಯಾನಿನ ಪರಿಣಾಮ ತಿಳಿಯಲು ಫ್ಯಾನ್ ಇದ್ದ ಎಂಟರ ಸರಾಸರಿಯನ್ನು ಇಲ್ಲದ ಎಂಟರ ಸರಾಸರಿಯೊಡನೆ ಹೋಲಿಸುತ್ತೇವೆ. ಶಾಖಕ್ಕೂ ಅದೇ ಹದಿನಾರು, ಅಗಲಕ್ಕೂ ಅದೇ ಹದಿನಾರು. ಒಂದೊಂದೇ ಅಂಶವನ್ನು ಬದಲಿಸುವ ಹಳೆಯ ರೀತಿಯಲ್ಲಿ ಹದಿನಾರು ಅಳತೆಗಳನ್ನು ನಾಲ್ಕು ಪರಿಸ್ಥಿತಿಗಳಿಗೆ ಹಂಚಬೇಕು. ಆಗ ಪ್ರತಿ ಹೋಲಿಕೆಗೂ ನಾಲ್ಕಕ್ಕೆ ನಾಲ್ಕು ಮಾತ್ರ ಸಿಗುತ್ತವೆ, ಪರಸ್ಪರ ಪ್ರಭಾವದ ಸುಳಿವಂತೂ ಸಿಗುವುದೇ ಇಲ್ಲ. ಅಷ್ಟೇ ಶ್ರಮಕ್ಕೆ ಹೊಸ ವಿನ್ಯಾಸ ಎರಡು ಪಟ್ಟು ಮಾಹಿತಿ ಕೊಟ್ಟು, ಹಳೆಯದು ಕೊಡಲಾಗದ್ದನ್ನೂ ಕೊಡುತ್ತದೆ.

ಎಷ್ಟು ಹೊತ್ತು ಕಾಯಬೇಕೆಂಬುದನ್ನು ತಕ್ಕಡಿ ತೀರ್ಮಾನಿಸುತ್ತದೆ. 20 ಸೆಂಟಿಮೀಟರ್ ತಟ್ಟೆಯಲ್ಲಿ ನೀರು 1 ಮಿಲಿಮೀಟರ್ ಇಳಿದರೆ ತೂಕ ಸುಮಾರು 31 ಗ್ರಾಂ ಕಡಿಮೆಯಾಗುತ್ತದೆ. 10 ಸೆಂಟಿಮೀಟರ್ ತಟ್ಟೆಯಲ್ಲಿ 8 ಗ್ರಾಂ. ನೆರಳಿನಲ್ಲಿ ದಿನಕ್ಕೆ 4 ಮಿಲಿಮೀಟರ್ ಹೋಗುತ್ತದೆಂದು ಇಟ್ಟುಕೊಂಡರೆ ಚಿಕ್ಕ ತಟ್ಟೆಯಿಂದ ಗಂಟೆಗೆ ಹೋಗುವುದು ಒಂದೂಕಾಲು ಗ್ರಾಂ ಮಾತ್ರ. ಅಡುಗೆಮನೆಯ ತಕ್ಕಡಿ ಒಂದೊಂದು ಗ್ರಾಮಿಗೆ ಅಂಕಿ ಬದಲಿಸುವುದಾದರೆ ಒಂದು ಗಂಟೆಯ ಪ್ರಯೋಗದಲ್ಲಿ ನಾವು ತಕ್ಕಡಿಯ ತಪ್ಪನ್ನೇ ಅಳೆಯುತ್ತಿರುತ್ತೇವೆ. 0.1 ಗ್ರಾಂವರೆಗೆ ತೋರಿಸುವ ಪುಟ್ಟ ತಕ್ಕಡಿ ಮತ್ತು ನಾಲ್ಕು ಗಂಟೆಯ ಅವಧಿ ಇದ್ದರೆ ಅಂಕಿಗಳು ನಂಬಿಕೆಗೆ ಅರ್ಹವಾಗುತ್ತವೆ. ಸ್ಕೇಲಿನಿಂದ ಎತ್ತರ ಅಳೆಯುವುದಕ್ಕಿಂತ ತೂಗುವುದು ಎಷ್ಟೋ ಮೇಲು. ಹ್ಯಾಲಿ ತಕ್ಕಡಿಯನ್ನು ಆರಿಸಿದ್ದು ಅದಕ್ಕೇ.

ದಿನದಿಂದ ದಿನಕ್ಕೆ ಬದಲಾಗುವ ಹವೆಯನ್ನು ಏನು ಮಾಡುವುದು? ಅದನ್ನು ಹಿಡಿದಿಡಲಾಗದು, ಹಾಗಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೋಣೆಯ ಇನ್ನೊಂದು ಮೂಲೆಯಲ್ಲಿ ಫ್ಯಾನೂ ಬಲ್ಬೂ ಇಲ್ಲದ ಒಂದೇ ಅಳತೆಯ ತಟ್ಟೆಯನ್ನು ಪ್ರತಿ ಸಲವೂ ಇಡಿ. ಇದು ಸಾಕ್ಷಿ ತಟ್ಟೆ. ಮೋಡ ಕವಿದ ದಿನ ಸಾಕ್ಷಿ ತಟ್ಟೆಯೂ ಕಡಿಮೆ ಕಳೆದುಕೊಳ್ಳುತ್ತದೆ. ನಮ್ಮ ತಟ್ಟೆ ಅದರ ಎಷ್ಟು ಪಟ್ಟು ಕಳೆದುಕೊಂಡಿತು ಎಂದು ಬರೆದರೆ ಹವೆಯ ಏರಿಳಿತ ಬಹುಮಟ್ಟಿಗೆ ಕಳಚಿಹೋಗುತ್ತದೆ. ಜೊತೆಗೆ ಎರಡು ಥರ್ಮಾಮೀಟರ್ ತೂಗುಹಾಕಿ, ಒಂದರ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ. ಒಣ ಮತ್ತು ಒದ್ದೆ ಓದಿಕೆಗಳ ವ್ಯತ್ಯಾಸದಿಂದ ಆರ್ದ್ರತೆಯನ್ನು ಕೋಷ್ಟಕ ನೋಡಿ ಹೇಳಬಹುದು. ಎಂಟೂ ಜೋಡಣೆಗಳ ಕ್ರಮವನ್ನು ಚೀಟಿ ಎತ್ತಿಯೇ ನಿರ್ಧರಿಸಿ. ಅನುಕೂಲವೆಂದು ಫ್ಯಾನ್ ಇರುವವನ್ನೆಲ್ಲ ಮಧ್ಯಾಹ್ನ, ಇಲ್ಲದವನ್ನೆಲ್ಲ ಬೆಳಿಗ್ಗೆ ಮಾಡಿದರೆ ಮಧ್ಯಾಹ್ನದ ಸೆಕೆಯ ಪಾಲೂ ಫ್ಯಾನಿನ ಖಾತೆಗೆ ಸೇರುತ್ತದೆ, ಅದನ್ನು ಆಮೇಲೆ ಬೇರ್ಪಡಿಸಲು ಆಗುವುದಿಲ್ಲ.

ಎಡವುವ ಮೂರು ಜಾಗಗಳು

ಮೊದಲನೆಯದು, ನೀರಿನ ಉಷ್ಣಾಂಶ. ಗಾಳಿ 30 ಡಿಗ್ರಿ ಇದೆಯೆಂದು ನೀರೂ 30 ಡಿಗ್ರಿ ಎಂದು ಭಾವಿಸುವುದು ಸಾಮಾನ್ಯ ತಪ್ಪು. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,450 ಜೂಲ್ ಶಾಖ ಬೇಕು. ಈ ಗುಪ್ತೋಷ್ಣವನ್ನು ನೀರು ಮೊದಲು ತನ್ನಿಂದಲೇ ತೆಗೆದುಕೊಳ್ಳುತ್ತದೆ. ಹೊರಗಿನಿಂದ ಶಾಖ ಬರದಿದ್ದರೆ, ನೂರು ಗ್ರಾಂ ನೀರಿನಲ್ಲಿ ಒಂದೇ ಒಂದು ಗ್ರಾಂ ಆವಿಯಾದರೂ ಉಳಿದದ್ದು ಸುಮಾರು 6 ಡಿಗ್ರಿ ತಣ್ಣಗಾಗಬಲ್ಲದು. ಮಣ್ಣಿನ ಹೂಜಿಯ ತಂಪಿನ ಗುಟ್ಟು ಇದೇ. ಗಾಳಿ 30 ಡಿಗ್ರಿ, ಆರ್ದ್ರತೆ ಶೇ 40 ಇರುವಾಗ ಒದ್ದೆ ಬಟ್ಟೆಯ ಥರ್ಮಾಮೀಟರ್ ಸುಮಾರು 20 ಡಿಗ್ರಿಗೆ ಇಳಿಯುತ್ತದೆ. ಡಾಲ್ಟನ್ನನ ಅಂತರದಲ್ಲಿ ಲೆಕ್ಕಕ್ಕೆ ಬರುವುದು ನೀರಿನ ಮೇಲ್ಮೈಯ ಉಷ್ಣಾಂಶ. ಆದ್ದರಿಂದ ನೀರಿನೊಳಗೂ ಒಂದು ಥರ್ಮಾಮೀಟರ್ ಇರಲೇಬೇಕು. ಫ್ಯಾನ್ ಹಾಕಿದಾಗ ಆವಿಯಾಗುವಿಕೆ ನಿರೀಕ್ಷಿಸಿದಷ್ಟು ಹೆಚ್ಚದಿದ್ದರೆ ಅದಕ್ಕೆ ಕಾರಣ ಬಹುಪಾಲು ಇಲ್ಲೇ ಸಿಗುತ್ತದೆ: ಗಾಳಿ ನೀರನ್ನು ಹೊರಡಿಸಿತು, ಹೊರಟ ನೀರು ಉಳಿದ ನೀರನ್ನು ತಣ್ಣಗಾಗಿಸಿತು.

ಎರಡನೆಯದು, ತಟ್ಟೆಯ ಅಗಲ. ವ್ಯಾಸ ಎರಡು ಪಟ್ಟಾದರೆ ಮೇಲ್ಮೈ ನಾಲ್ಕು ಪಟ್ಟು, ಹಾಗಾಗಿ ಹೋಗುವ ನೀರೂ ನಾಲ್ಕು ಪಟ್ಟು ಎಂದು ಯಾರಾದರೂ ಹೇಳಿಬಿಡುತ್ತಾರೆ. ಆಸ್ಟ್ರಿಯಾದ ಜೋಸೆಫ್ ಸ್ಟೆಫಾನ್ 1881ರಲ್ಲಿ ಗಣಿತದಿಂದ ತೋರಿಸಿದ್ದು ಬೇರೆ: ಪೂರ್ತಿ ನಿಶ್ಚಲವಾದ ಗಾಳಿಯಲ್ಲಿ ವೃತ್ತಾಕಾರದ ನೀರಿನಿಂದ ಹೊರಡುವ ಆವಿ ಅದರ ವ್ಯಾಸವನ್ನು ಅನುಸರಿಸುತ್ತದೆ, ವಿಸ್ತೀರ್ಣವನ್ನಲ್ಲ. ನಡುವಿನ ನೀರಿನ ಮೇಲೆ ಆವಿ ಕವಿದು ನಿಂತಿರುತ್ತದೆ. ಅಂಚಿನ ನೀರಿಗೆ ಪಕ್ಕಕ್ಕೂ ದಾರಿಯಿದೆ. 1900ರಲ್ಲಿ ಬ್ರೌನ್ ಮತ್ತು ಎಸ್ಕಂಬ್ ಎಂಬ ಬ್ರಿಟಿಷ್ ವಿಜ್ಞಾನಿಗಳು ಇದೇ ತತ್ವದಿಂದ ಎಲೆಯ ಪತ್ರರಂಧ್ರಗಳನ್ನು ವಿವರಿಸಿದರು: ರಂಧ್ರಗಳು ಎಲೆಯ ಮೇಲ್ಮೈಯ ತೀರಾ ಸಣ್ಣ ಪಾಲಾದರೂ ಅವುಗಳ ಮೂಲಕ ಅನಿಲ ಇಷ್ಟು ಧಾರಾಳವಾಗಿ ಓಡಾಡುವುದು ಅವು ಪುಟ್ಟದಾಗಿ, ದೂರದೂರವಾಗಿ ಇರುವುದರಿಂದ. ಗಾಳಿ ಬೀಸಿದಾಗ ನೀರಿನ ಮೇಲೆ ಕವಿದ ಆವಿಯ ಕವಚ ಚದುರಿ, ಲೆಕ್ಕ ವಿಸ್ತೀರ್ಣದತ್ತ ವಾಲುತ್ತದೆ. ನಮ್ಮ ಎಂಟು ಜೋಡಣೆಗಳಲ್ಲಿ ಅಗಲ ಮತ್ತು ಫ್ಯಾನಿನ ಪರಸ್ಪರ ಪ್ರಭಾವ ಕಾಣಬೇಕಾದದ್ದು ಇಲ್ಲೇ. ತಟ್ಟೆಯ ಅಂಚು ನೀರಿಗಿಂತ ಎತ್ತರವಾಗಿದ್ದರೆ ಅದು ಗಾಳಿಯನ್ನು ತಡೆಯುವುದರಿಂದ ಎಲ್ಲ ತಟ್ಟೆಗಳಲ್ಲೂ ಅಂಚಿನಿಂದ ನೀರಿಗೆ ಇರುವ ಅಂತರ ಒಂದೇ ಇರಲಿ.

ಮೂರನೆಯದು, ನೀರಿನಲ್ಲಿ ಏನಿದೆ ಎಂಬುದು. ಉಪ್ಪು ಆವಿಯ ಒತ್ತಡವನ್ನು ತಗ್ಗಿಸುತ್ತದೆ. ಸಮುದ್ರದ ನೀರಿನಲ್ಲಿ ಈ ಇಳಿಕೆ ಸುಮಾರು ಶೇ 2 ಮಾತ್ರ. ಉಪ್ಪು ಹರಳುಗಟ್ಟುವಷ್ಟು ಗಟ್ಟಿಯಾದ ನೀರಿನಲ್ಲಿ ಇಳಿಕೆ ಶೇ 25ರ ಹತ್ತಿರ. ಅಂಥ ನೀರೂ ಗಾಳಿಯೂ ಒಂದೇ ಉಷ್ಣಾಂಶದಲ್ಲಿದ್ದು ಗಾಳಿಯ ಆರ್ದ್ರತೆ ಶೇ 75 ದಾಟಿದರೆ ಆವಿಯಾಗುವುದು ನಿಂತೇಹೋಗುತ್ತದೆ, ಬದಲಿಗೆ ಉಪ್ಪುನೀರೇ ಗಾಳಿಯ ತೇವ ಹೀರುತ್ತದೆ. ಗೋಕರ್ಣದ ಬಳಿಯ ಸಾಣಿಕಟ್ಟಾದಂಥ ಕರಾವಳಿಯ ಉಪ್ಪಿನಾಗರಗಳಲ್ಲಿ ನೀರನ್ನು ತೆಳುವಾಗಿ ಹರವಿ ಬಿಸಿಲಿಗೆ ಕಾಯಿಸುವುದು ಇದಕ್ಕೇ. ಬಿಸಿಯಾದ ಉಪ್ಪುನೀರಿನ ಆವಿ ಒತ್ತಡ ತೇವದ ಗಾಳಿಯ ಒತ್ತಡವನ್ನು ಮೀರಬೇಕು. ಮಳೆಗಾಲ ಬಂತೆಂದರೆ ಆ ಕೆಲಸ ನಿಲ್ಲುತ್ತದೆ.

ಬೇರೆ ದ್ರವಗಳನ್ನು ಹೋಲಿಸುವವರು ಇನ್ನೊಂದು ಸೂಕ್ಷ್ಮ ಗಮನಿಸಬೇಕು. ಸ್ಪಿರಿಟ್ಟಿನಲ್ಲಿರುವ ಎಥನಾಲ್‌ನ ಆವಿ ಒತ್ತಡ 20 ಡಿಗ್ರಿಯಲ್ಲಿ ನೀರಿನ ಸುಮಾರು ಎರಡೂವರೆ ಪಟ್ಟು. ಒಂದು ಗ್ರಾಂ ಆವಿಯಾಗಲು ಅದಕ್ಕೆ ಬೇಕಾದ ಶಾಖ ನೀರಿನ ಅರ್ಧಕ್ಕಿಂತ ಕಡಿಮೆ. ಇದಲ್ಲದೆ ಗಾಳಿಯಲ್ಲಿ ಮೊದಲೇ ಎಥನಾಲ್ ಇರುವುದಿಲ್ಲವಾದ್ದರಿಂದ ಮಳೆಯ ದಿನವೂ ಅದು ಹೆಚ್ಚುಕಡಿಮೆ ಅದೇ ವೇಗದಲ್ಲಿ ಹೋಗುತ್ತದೆ. ಆರ್ದ್ರತೆ ನೀರನ್ನು ಮಾತ್ರ ತಡೆಯುತ್ತದೆ, ಎಲ್ಲ ದ್ರವಗಳನ್ನಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪ್ರಯೋಗ ಬೇಕಿಲ್ಲ. ಬೆಂಕಿ ಹತ್ತುವ ದ್ರವವಾದ್ದರಿಂದ ಬಲ್ಬಿನ ಬಳಿ ಮಾತ್ರ ಇದನ್ನು ತರಬಾರದು.

ಅಂಕಿಗಳಿಂದ ಸೂತ್ರಕ್ಕೆ

ಹದಿನಾರು ಅಂಕಿಗಳು ಕೈಗೆ ಬಂದ ಮೇಲೆ ಗ್ರಾಫ್ ಹಾಳೆ ತೆಗೆಯಿರಿ. ಅಡ್ಡಕ್ಕೆ ಆವಿ ಒತ್ತಡದ ಅಂತರ, ನೆಟ್ಟಗೆ ಗಂಟೆಗೆ ಹೋದ ನೀರು. ಡಾಲ್ಟನ್ ಹೇಳಿದ್ದು ಸರಿಯಾದರೆ ಫ್ಯಾನ್ ಇಲ್ಲದ ಚುಕ್ಕೆಗಳು ಒಂದು ಗೆರೆಯ ಮೇಲೆ, ಫ್ಯಾನ್ ಇರುವವು ಇನ್ನೂ ಕಡಿದಾದ ಗೆರೆಯ ಮೇಲೆ ಬೀಳಬೇಕು. ಎರಡು ಗೆರೆಗಳೂ ಶೂನ್ಯದಿಂದಲೇ ಹೊರಡಬೇಕು. ಗೆರೆಗಳು ಒಂದಕ್ಕೊಂದು ಸಮಾನಾಂತರವಾಗಿಲ್ಲದೆ ಬೀಸಣಿಗೆಯ ಕಡ್ಡಿಗಳ ಹಾಗೆ ಹರಡಿಕೊಂಡಿದ್ದರೆ, ಅಂಶಗಳು ಗುಣಿಸುತ್ತವೆ ಎಂಬ ಮಾತಿಗೆ ನಮ್ಮದೇ ಪುರಾವೆ ಸಿಕ್ಕಿತು.

ಕಂಡುಕೊಂಡ ಸೂತ್ರವನ್ನು ಅದು ಹುಟ್ಟಿದ ಅಂಕಿಗಳ ಮೇಲೆಯೇ ಪರೀಕ್ಷಿಸುವುದು ಪರೀಕ್ಷೆಯೇ ಅಲ್ಲ. ಬೇರೊಂದು ದಿನ, ಬೇರೊಂದು ಅಗಲದ ತಟ್ಟೆಯಲ್ಲಿ ಎಷ್ಟು ನೀರು ಹೋಗುತ್ತದೆಂದು ಮೊದಲು ಬರೆದಿಟ್ಟು, ಆಮೇಲೆ ಅಳೆಯಬೇಕು. ಮುಂಚೆಯೇ ಹೇಳಿ ಗೆದ್ದ ಸೂತ್ರಕ್ಕೆ ಮಾತ್ರ ಬೆಲೆ.

ಇದೇ ದಾರಿಯಲ್ಲಿ ದೊಡ್ಡ ಹೆಜ್ಜೆ ಇಟ್ಟವರು ಪೆನ್ಮನ್. ಫಿಶರ್ ಕೆಲಸ ಮಾಡಿದ್ದ ಅದೇ ರೋಥಮ್‌ಸ್ಟೆಡ್‌ಗೆ ಅವರು 1937ರಲ್ಲಿ ಸೇರಿದರು. ನೆಲದಲ್ಲಿ ಹೂತ ಸಿಲಿಂಡರುಗಳಲ್ಲಿ ತೆರೆದ ನೀರು, ಬರಿ ಮಣ್ಣು, ಹುಲ್ಲು ಇಟ್ಟು ಅಳೆದ ಅವರ ಕೆಲಸ 1948ರಲ್ಲಿ ಪ್ರಕಟವಾಯಿತು. ನೀರು ಹೊರಡಲು ಎರಡು ಸೌಲಭ್ಯ ಬೇಕು: ಹೊರಡಿಸುವ ಶಾಖ, ಹೊತ್ತೊಯ್ಯುವ ಗಾಳಿ. ಒಂದು ಚದರ ಮೀಟರಿನಿಂದ 1 ಮಿಲಿಮೀಟರ್, ಅಂದರೆ ಒಂದು ಲೀಟರ್ ನೀರು ಹೋಗಲು 24.5 ಲಕ್ಷ ಜೂಲ್ ಬೇಕು. ಅದನ್ನು ಕೊಡಬೇಕಾದವನು ಮುಖ್ಯವಾಗಿ ಸೂರ್ಯ. ಈ ಶಾಖದ ಆಯವ್ಯಯವನ್ನು ಡಾಲ್ಟನ್ನನ ಅಂತರದೊಡನೆ ಪೆನ್ಮನ್ ಒಂದೇ ಸಮೀಕರಣದಲ್ಲಿ ಕಟ್ಟಿದರು. ಹಾಗೆ ಕಟ್ಟಿದಾಗ, ಹೊರಗೆ ಅಳೆಯಲು ಅತಿ ಕಷ್ಟವಾದ ನೀರಿನ ಮೇಲ್ಮೈಯ ಉಷ್ಣಾಂಶ ಲೆಕ್ಕದಿಂದಲೇ ಬಿಟ್ಟುಹೋಯಿತು. ಬಿಸಿಲು, ಗಾಳಿಯ ಉಷ್ಣಾಂಶ, ಆರ್ದ್ರತೆ, ಗಾಳಿಯ ವೇಗ ಎಂಬ ಸಾಮಾನ್ಯ ಹವಾಮಾನ ಅಂಕಿಗಳಷ್ಟೇ ಸಾಕಾದವು. ಯಾವ ಬೆಳೆಗೆ ದಿನಕ್ಕೆ ಎಷ್ಟು ನೀರು ಬೇಕೆಂದು ಇಂದು ಜಗತ್ತಿನಾದ್ಯಂತ ಹಾಕುವ ಲೆಕ್ಕ ಈ ಸಮೀಕರಣದ ವಂಶದ್ದು.

ಬಾಣಲೆಯಿಂದ ಜಲಾಶಯಕ್ಕೆ

ಹವಾಮಾನ ಕೇಂದ್ರಗಳಲ್ಲಿ ಕಾಣುವ ‘ಕ್ಲಾಸ್ ಎ’ ಬಾಣಲೆ 120.7 ಸೆಂಟಿಮೀಟರ್ ವ್ಯಾಸ, ಸುಮಾರು 25 ಸೆಂಟಿಮೀಟರ್ ಆಳದ್ದು. ಮರದ ಚೌಕಟ್ಟಿನ ಮೇಲೆ ಕೂರಿಸಿರುತ್ತಾರೆ. ನಮ್ಮ ದೇಶದಲ್ಲಿ ಹಕ್ಕಿ, ನಾಯಿಗಳು ನೀರು ಕುಡಿಯದಂತೆ ಮೇಲೆ ತಂತಿ ಬಲೆ ಹೊದಿಸುತ್ತಾರೆ. ಆ ಬಲೆಯೂ ಆವಿಯಾಗುವುದನ್ನು ಒಂದಿಷ್ಟು ತಗ್ಗಿಸುವುದರಿಂದ ಅದಕ್ಕೂ ಲೆಕ್ಕವಿಡಬೇಕು. ಬಾಣಲೆಯ ಲೋಹದ ಪಕ್ಕಗಳು ಬಿಸಿಲಿಗೆ ಕಾಯುತ್ತವೆ, ಸುತ್ತಲಿನ ಒಣ ನೆಲದ ಗಾಳಿ ನೇರವಾಗಿ ತಾಗುತ್ತದೆ. ಅದರಿಂದ ಬಾಣಲೆ ಸಾಮಾನ್ಯವಾಗಿ ಕೆರೆಗಿಂತ ಹೆಚ್ಚು ಕಳೆದುಕೊಳ್ಳುತ್ತದೆ. ಅಮೆರಿಕದ ಒಕ್ಲಹೋಮಾದ ಹೆಫ್ನರ್ ಸರೋವರದಲ್ಲಿ 1950–51ರಲ್ಲಿ ಸರೋವರದ ಪೂರ್ತಿ ನೀರಿನ ಆಯವ್ಯಯವನ್ನೇ ಅಳೆದು ಬಾಣಲೆಯೊಡನೆ ಹೋಲಿಸಿದರು. ಬಾಣಲೆಯ ಅಂಕಿಯನ್ನು ಸುಮಾರು 0.7ರಿಂದ ಗುಣಿಸಿದರೆ ಸರೋವರದ ವಾರ್ಷಿಕ ಅಂಕಿ ಸಿಗುತ್ತದೆ ಎಂದು ತಿಳಿಯಿತು. ವರ್ಷಕ್ಕೆ ಹೊಂದುವ ಈ ಗುಣಕ ತಿಂಗಳಿಗೆ ಹೊಂದದು, ಏಕೆಂದರೆ ಆಳದ ನೀರು ಬೇಸಿಗೆಯ ಶಾಖವನ್ನು ಕೂಡಿಟ್ಟು ನಿಧಾನವಾಗಿ ಬಿಡುತ್ತದೆ.

ಅಂಶಗಳನ್ನು ಒಟ್ಟಾಗಿ ನೋಡದಿದ್ದರೆ ಏನಾಗುತ್ತದೆಂಬುದನ್ನು ಇದೇ ಬಾಣಲೆಗಳು ಇಡೀ ಜಗತ್ತಿಗೆ ತೋರಿಸಿದವು. ಭೂಮಿ ಬಿಸಿಯಾಗುತ್ತಿದೆ, ಆದ್ದರಿಂದ ಬಾಣಲೆಗಳಿಂದ ಹೆಚ್ಚು ನೀರು ಹೋಗಬೇಕು ಎಂಬುದು ಎಲ್ಲರ ನಿರೀಕ್ಷೆ. 1995ರಲ್ಲಿ ‘ನೇಚರ್’ ಪತ್ರಿಕೆಯ ವರದಿಯೊಂದು ಅಮೆರಿಕ ಮತ್ತು ಹಿಂದಿನ ಸೋವಿಯತ್ ಒಕ್ಕೂಟದ ಬಾಣಲೆಗಳಲ್ಲಿ ದಶಕಗಳಿಂದ ಇಳಿಕೆಯಾಗಿದೆ ಎಂದಿತು. 1997ರಲ್ಲಿ ಚಟ್ಟೋಪಾಧ್ಯಾಯ ಮತ್ತು ಹ್ಯೂಮ್ ಭಾರತದ ಅಂಕಿಗಳಲ್ಲೂ ಇಳಿಕೆಯನ್ನೇ ಕಂಡರು. ಉಷ್ಣಾಂಶ ಏರಿತ್ತು ನಿಜ. 2002ರಲ್ಲಿ ಆಸ್ಟ್ರೇಲಿಯಾದ ರೋಡರಿಕ್ ಮತ್ತು ಫಾರ್ಕರ್, ನೆಲ ತಲುಪುವ ಬಿಸಿಲು ತಗ್ಗಿದ್ದು ಇದಕ್ಕೆ ಕಾರಣವೆಂದು ತೋರಿಸಿದರು. ಆಸ್ಟ್ರೇಲಿಯಾದಲ್ಲಿ ಗಾಳಿಯ ವೇಗ ಕುಗ್ಗಿದ್ದೇ ಮುಖ್ಯ ಕಾರಣ ಎಂಬುದು ಬಳಿಕ ಗೊತ್ತಾಯಿತು. ಉಷ್ಣಾಂಶ ಒಂದನ್ನೇ ನೆಚ್ಚಿದ ಮಾದರಿ ದಿಕ್ಕನ್ನೇ ತಪ್ಪಿ ಹೇಳುತ್ತಿತ್ತು; ಪೆನ್ಮನ್ ಸಮೀಕರಣದಲ್ಲಿ ನಾಲ್ಕೂ ಅಂಶಗಳಿದ್ದುದರಿಂದ ಒಗಟು ಬಿಡಿಸಲು ಸಾಧ್ಯವಾಯಿತು.

ಕರ್ನಾಟಕದ ಕೆರೆಗಳು ಬಹುಪಾಲು ಅಗಲವಾದವು, ಆಳವಿಲ್ಲದವು. ಮಳೆಗಾಲದ ಬಳಿಕ ಅವುಗಳ ನೀರು ಕಡಿಮೆಯಾದಾಗ ಇಂಗಿದ್ದೆಷ್ಟು, ತೂಬಿನಿಂದ ಹೋದದ್ದೆಷ್ಟು, ಆವಿಯಾದದ್ದೆಷ್ಟು ಎಂದು ಹೇಳಬಲ್ಲವರು ಊರಿನಲ್ಲಿ ಇರಬೇಕು. ಹೂಳೆತ್ತಿ ಆಳ ಮಾಡಬೇಕೋ, ದಂಡೆಯಲ್ಲಿ ಗಾಳಿ ತಡೆಯುವ ಮರ ಬೆಳೆಸಬೇಕೋ, ಕೆರೆಯ ನೀರನ್ನು ಬೇಗ ಬಳಸಿ ಅಂತರ್ಜಲಕ್ಕೆ ಇಳಿಸಬೇಕೋ ಎಂಬ ತೀರ್ಮಾನ ಆ ಲೆಕ್ಕದ ಮೇಲೆ ನಿಲ್ಲಬೇಕು.

ವಿಜ್ಞಾನ ಶಿಕ್ಷಕರಲ್ಲಿ ಒಂದು ಕೋರಿಕೆ. ನಿಮ್ಮ ಶಾಲೆಯ ಅಂಗಳದಲ್ಲಿ ಒಂದು ಅಗಲವಾದ ಪಾತ್ರೆ, ಒಂದು ಮಳೆಮಾಪಕ, ಒಣ ಮತ್ತು ಒದ್ದೆ ಥರ್ಮಾಮೀಟರುಗಳನ್ನು ಇಡಿಸಿ. ಪ್ರತಿದಿನ ಒಂದೇ ಹೊತ್ತಿಗೆ ಮಕ್ಕಳು ಓದಿ ಬರೆಯಲಿ, ಮಳೆ ಬಿದ್ದ ದಿನ ಅದನ್ನು ಕೂಡಿಸಿ ಲೆಕ್ಕ ಹಾಕಲಿ. ಕೋಣೆಯೊಳಗೆ ಎಂಟು ಜೋಡಣೆಗಳ ಪ್ರಯೋಗವನ್ನು ಚೀಟಿ ಎತ್ತಿ ಮಾಡಲಿ. ವರ್ಷ ಮುಗಿಯುವ ಹೊತ್ತಿಗೆ ಊರಿನ ಕೆರೆಯ ಬಗ್ಗೆ ಎಲ್ಲೂ ಸಿಗದ ಒಂದು ದಾಖಲೆ ಆ ಶಾಲೆಯ ಕೈಯಲ್ಲಿರುತ್ತದೆ. ಗ್ರಾಮ ಪಂಚಾಯಿತಿಯ ಸಭೆಯಲ್ಲಿ ನೀರಿನ ಮಾತು ಬಂದಾಗ ಅದನ್ನು ಮೇಜಿನ ಮೇಲಿಡಿ.